ಹಾಡಿನೊಳಗಿನ ಗಂಡಸು

"ಆ ಹಾಡಲ್ಲಿ ಗಂಡಸಿನ ದನಿಯೇ ಇಲ್ಲ. ಇದ್ದರೆ ನನ್ನ ಹೆಸರು ಬದಲಾಯಿಸಿ," ಎಂದು ಬರೆದು ಬೀಗದಂಗಡಿಯಾಕೆ ಫೋನನ್ನು ಕಟ್ಟೆಯ ಮೇಲೆ ಮಗುಚಿ ಹಾಕಿದಳು. ಎದುರಿಗೆ ಗಿರಾಕಿ ಕಾಯುತ್ತಿದ್ದ. ಅವನು ಕೊಟ್ಟ ಕೀಲಿಯನ್ನು ಯಂತ್ರದ ಒಂದು ಹಿಡಿಯಲ್ಲಿ, ಹೊಸ ಹಿತ್ತಾಳೆಯ ತುಂಡನ್ನು ಇನ್ನೊಂದರಲ್ಲಿ ಬಿಗಿದು ಗುಂಡಿ ಒತ್ತಿದಳು. ಯಂತ್ರ ಎಂದಿನಂತೆ ಬೀದಿಗೆಲ್ಲ ಕೇಳುವ ಹಾಗೆ ಕಿರ್ರೋ ಎಂದು ಅರಚಿತು. ಗಿರಾಕಿ ಎರಡೂ ಕಿವಿ ಮುಚ್ಚಿಕೊಂಡ. ಅವಳು ಮುಚ್ಚಿಕೊಳ್ಳಲಿಲ್ಲ. ಕೀಲಿ ಕೊರೆಯುವವರಿಗೆ ಎರಡು ಕೈಯೂ ಬೇಕು. ಮದುವೆಯಾಗಿ ಈ ಅಂಗಡಿಗೆ ಬಂದಾಗಿನಿಂದಲೂ ಅವಳು ಹೀಗೇ ಕೊರೆಯುತ್ತ ಬಂದವಳು.

ಕೀಲಿ ಉಜ್ಜಿ, ಪುಡಿ ಊದಿ, ಚಿಲ್ಲರೆ ಕೊಟ್ಟು ಫೋನು ತಿರುಗಿಸಿ ನೋಡಿದರೆ ದರಬಾರಿನಲ್ಲಿ ಗದ್ದಲವೋ ಗದ್ದಲ.

ದರಬಾರು ಎಂದರೆ ಫೋನಿನೊಳಗಿನ ಒಂದು ಹರಟೆಕಟ್ಟೆ. ಒಬ್ಬ ಗಾಯಕಿಯ ಅಭಿಮಾನಿಗಳೆಲ್ಲ ಅಲ್ಲಿ ಸೇರುತ್ತಿದ್ದರು. ಗಾಯಕಿಗೆ ಅವರಿಟ್ಟ ಹೆಸರು ದೊರೆಸಾನಿ. ಆಕೆ ಕೂದಲು ಕತ್ತರಿಸಿಕೊಂಡದ್ದು ಸರಿಯೋ ತಪ್ಪೋ, ಟೀವಿಯ ಹಾಡಿನ ಪಂದ್ಯದಲ್ಲಿ ತೀರ್ಪುಗಾರ ಅತ್ತದ್ದು ನಿಜವೋ ನಾಟಕವೋ, ಸಿನಿಮಾ ನಾಯಕನ ತಲೆಯ ಮೇಲಿರುವುದು ಸ್ವಂತದ್ದೋ ತಂದದ್ದೋ, ಇಂಥ ಘನಂದಾರಿ ವಿಷಯಗಳ ಮೇಲೆ ಅಲ್ಲಿ ದಿನವಿಡೀ ವಾದ ನಡೆಯುತ್ತಿತ್ತು. ಯಾರೂ ಯಾರ ಮುಖವನ್ನೂ ನೋಡಿದವರಲ್ಲ. ಎಲ್ಲರ ತಪ್ಪನ್ನೂ ತಿದ್ದುವ ಮೇಷ್ಟ್ರು, ರಾತ್ರಿಪಾಳಿಯ ನರ್ಸಮ್ಮ, ಕಾಲೇಜಿನ ಹುಡುಗಿ ಗುಬ್ಬಿ, ಇವರೇ ಮುಖ್ಯ ದರಬಾರಿಗಳು. ಅಂಗಡಿಯಾಕೆಯ ಹೆಸರು ಕೀಲಿಕೈ. ದೊರೆಸಾನಿಯ ಹಾಡಿನಲ್ಲಿ ಎಲ್ಲೋ ಹಿಂದೆ ಒಂದು ಗೆಜ್ಜೆ ಅಲುಗಿದರೂ ಮೊದಲು ಹಿಡಿಯುತ್ತಿದ್ದವಳು ಅವಳು. ಆ ಹೆಸರಿನ ಮೇಲೆ ಅವಳಿಗೆ ಸ್ವಲ್ಪ ಜಂಬವೂ ಇತ್ತು.

ಒಮ್ಮೆ ಎಲ್ಲರೂ ತಂತಮ್ಮ ವಿಚಿತ್ರ ಅಭ್ಯಾಸಗಳನ್ನು ಹೇಳಿಕೊಳ್ಳಬೇಕೆಂದು ಗುಬ್ಬಿ ಅಪ್ಪಣೆ ಹೊರಡಿಸಿದ್ದಳು. ಇಸ್ತ್ರಿ ಮಾಡಿದ ಅಂಗಿ ತೊಡದೆ ಮೇಷ್ಟ್ರು ದೊರೆಸಾನಿಯ ಹೊಸ ಹಾಡು ಕೇಳುವುದಿಲ್ಲವಂತೆ. ಯಾವ ಸಿನಿಮಾ ಆದರೂ ನರ್ಸಮ್ಮ ಕೊನೆಯನ್ನೇ ಮೊದಲು ನೋಡಿ, ಯಾರೂ ಸಾಯುವುದಿಲ್ಲವೆಂದು ಖಾತ್ರಿಯಾದರೆ ಮಾತ್ರ ಪೂರ್ತಿ ನೋಡುವುದಂತೆ. ಕೀಲಿಕೈ ಬರೆದಿದ್ದಳು: "ನನ್ನ ಗಂಡ ಯಾವಾಗಲೂ ನನ್ನ ಎಡಕ್ಕೇ ಇರಬೇಕು. ಬಲಕ್ಕೆ ಬಂದರೆ ಯಾರೋ ಪರಪುರುಷನ ಜೊತೆ ಹೋಗ್ತಿರೋ ಹಾಗೆ ಅನ್ಸತ್ತೆ." ದರಬಾರು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು.

ತಮಾಷೆಗೆ ಬರೆದದ್ದಾದರೂ ಮಾತು ನಿಜ. ಗಂಡನಿಗೂ ಎಷ್ಟೋ ಸಲ ಹೇಳಿದ್ದಳು. ಅಂಗಡಿಯೆಂದರೆ ಒಂದು ದೊಡ್ಡ ಕಟ್ಟಡದ ಮೆಟ್ಟಿಲ ಕೆಳಗಿನ ಗೂಡು. ಬಲಕ್ಕೆ ಗೋಡೆ. ಗೋಡೆಗೆ ಅಂಟಿಕೊಂಡು ಅವಳ ಕುರ್ಚಿ. ಎಡಕ್ಕೆ ಯಂತ್ರ. ಯಂತ್ರದಾಚೆ ಕೆಟ್ಟ ಬೀಗಗಳ ಹೊಟ್ಟೆ ಬಗೆಯುತ್ತ ಕೂರುವ ಗಂಡ. ಇಲ್ಲಿ ಅಭ್ಯಾಸವಾದದ್ದು ಮನೆಗೂ ಬಂತು. ಊಟದ ಮೇಜಿನಲ್ಲೂ ಅವನು ಎಡಕ್ಕೇ, ದಾರಿಯಲ್ಲಿ ನಡೆಯುವಾಗಲೂ ಎಡಕ್ಕೇ.

ಆ ಎಡಗಡೆ ಒಂದು ಕಾಲದಲ್ಲಿ ಎಷ್ಟು ಸೊಗಸಾಗಿತ್ತು! ಗಂಡ ಮೀಸೆಯೊಳಗೇ ಮಾತಾಡುವ ಆಸಾಮಿ. ಗಿರಾಕಿ ಬೆನ್ನು ತಿರುಗಿಸಿದ್ದೇ ತಡ, ಅವನ ಗೊಣಗು ಶುರುವಾಗುತ್ತಿತ್ತು. "ಇವ್ರ ಮನೇಲಿ ಕದಿಯೋಕೆ ಅಂತ ಇರೋದೇ ಈ ಬೀಗ." ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗಬೇಕಾಗುತ್ತಿತ್ತು. ಆದರೆ ಹೋದ ವರ್ಷ ಒಬ್ಬ ಗಿರಾಕಿ ಆ ಮಾತನ್ನು ಕೇಳಿಸಿಕೊಂಡುಬಿಟ್ಟ. ಕೆಂಡವಾಗಿ, ಕೊಟ್ಟ ಕೆಲಸ ವಾಪಸು ತೆಗೆದುಕೊಂಡು ಹೋದ. ಅವಳಿಗೂ ತಲೆ ಕೆಟ್ಟಿತು. ಕಟ್ಟೆಯ ಮುಂದೆ ನಾಲ್ಕು ಜನ ನಿಂತಿದ್ದಾರೆಂಬುದನ್ನೂ ನೋಡದೆ, "ಊರಿಗೆಲ್ಲ ಬೀಗ ರಿಪೇರಿ ಮಾಡ್ತೀರ, ಮೊದ್ಲು ನಿಮ್ಮ ಬಾಯಿಗೊಂದು ಬೀಗ ಹಾಕ್ಕೊಳ್ಳಿ!" ಎಂದುಬಿಟ್ಟಳು.

ಹಾಕಿಕೊಂಡ. ಅಂದೇ ಅಲ್ಲ, ಸ್ವಲ್ಪ ಸ್ವಲ್ಪವಾಗಿ. ಗೊಣಗು ಕಡಿಮೆಯಾಗುತ್ತ ಆಗುತ್ತ ನಿಂತೇಹೋಯಿತು. ಎದುರಿಗೆ ನಿಂತು ಕೇಳಿದರೆ ಹೂಂ, ಉಹೂಂ, ಅಷ್ಟೇ. ಮೇಜಿನಲ್ಲಿ ತಲೆ ತಗ್ಗಿಸಿ ಉಂಡು ಎದ್ದುಹೋಗುತ್ತಿದ್ದ. ತಪ್ಪಾಯಿತು ಎನ್ನಲು ಅವಳಿಗೆ ಬಿಗುಮಾನ ಅಡ್ಡಬಂತು. ಆಮೇಲೆ ಸಿಟ್ಟು ಬಂತು. ಆಮೇಲೆ ಬರೀ ದುಃಖ. ಕಿವಿಗೆ ತಂತಿ ಸಿಕ್ಕಿಸಿಕೊಂಡು ದೊರೆಸಾನಿಯ ಹಾಡು ಕೇಳುತ್ತ, ದರಬಾರಿನವರ ಜೊತೆ ಹರಟುತ್ತ ದಿನ ನೂಕತೊಡಗಿದಳು. ಬೇರೆ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ತಂಗಿ, "ಅಕ್ಕಾ, ಮೂಕನ ಜೊತೆ ಎಷ್ಟು ದಿನ ಅಂತ ಇರ್ತೀಯ? ಬಂದುಬಿಡು, ಮೇಲಿನ ರೂಮು ಖಾಲಿ ಇದೆ," ಎಂದು ಕರೆದಿದ್ದಳು. ಈ ಭಾನುವಾರ ಉತ್ತರ ಹೇಳಬೇಕಿತ್ತು. ಅವಳು ತನ್ನ ಬಟ್ಟೆಗಳನ್ನು ಬೇರೆ ಮಾಡಿ ಅಲಮಾರಿನ ಕೆಳಗಿನ ಖಾನೆಯಲ್ಲಿ ಜೋಡಿಸಿಯೂ ಆಗಿತ್ತು. ಗಂಡ ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಇಂಥ ಹೊತ್ತಿಗೆ ಬಂದಿತ್ತು ದೊರೆಸಾನಿಯ ಹೊಸ ಹಾಡು. ಹೆಂಗಸೊಬ್ಬಳು ಮನೆಯೊಳಗಿನ ಸಣ್ಣಪುಟ್ಟ ಪ್ರಶ್ನೆಗಳನ್ನು ಕೇಳುತ್ತ ಹೋಗುವ ಹಾಡು. ದೀಪ ಆರಿಸಲಾ? ಕದ ಹಾಕಲಾ? ನೀರು ಕಾಯಿಸಿ ಇಡಲಾ? ಪ್ರತಿ ಪ್ರಶ್ನೆಯಾದ ಮೇಲೂ ಒಂದಿಷ್ಟು ಹೊತ್ತು ಏನೂ ಇಲ್ಲ. ಬರೀ ತಂಬೂರಿಯಂಥ ಒಂದು ಗುಂಯ್. ಉತ್ತರ ಬರುವುದಿಲ್ಲ. ಅವಳು ಮತ್ತೆ ಕೇಳುತ್ತಾಳೆ. ಬೆಳಿಗ್ಗೆ ಅಂಗಡಿ ತೆರೆದು ಮೊದಲ ಸಲ ಕೇಳಿದಾಗ ಕೀಲಿಕೈಗೆ ಯಾರೋ ತನ್ನ ಮನೆಯೊಳಗೆ ಬಂದು ನೋಡಿಕೊಂಡು ಹೋಗಿ ಬರೆದ ಹಾಗೆನಿಸಿತು. ದರಬಾರಿಗೆ ಬರೆದಳು: "ಉತ್ತರದ ಜಾಗವನ್ನು ಖಾಲಿ ಬಿಟ್ಟಿದ್ದಾಳಲ್ಲ, ಅದಕ್ಕೆ ಎದೆಗಾರಿಕೆ ಬೇಕು. ನಾನು ಅತ್ತುಬಿಟ್ಟೆ."

"ಯಾವ ಖಾಲಿ?" ಎಂದು ಗುಬ್ಬಿ ಕೇಳಿದ್ದೇ ಗದ್ದಲಕ್ಕೆ ಮೂಲ.

ಪ್ರತಿ ಪ್ರಶ್ನೆಗೂ ಒಬ್ಬ ಗಂಡಸು ಮೆಲ್ಲಗೆ ಉತ್ತರ ಹೇಳುತ್ತಾನೆ ಎಂದರು ಎಲ್ಲರೂ. ಹಾಕು, ನಾನು ಒಳಗೇ ಇದ್ದೀನಿ, ಅನ್ನುತ್ತಾನಂತೆ. ಇಡೀ ಹಾಡಿನ ಜೀವವೇ ಆ ದನಿಯಂತೆ. ಕೀಲಿಕೈ ಮತ್ತೆ ಕೇಳಿದಳು. ಮತ್ತೊಮ್ಮೆ ಕೇಳಿದಳು. ಇವರೆಲ್ಲ ಸೇರಿ ತನ್ನ ಕಾಲೆಳೆಯುತ್ತಿದ್ದಾರೆ ಎಂದುಕೊಂಡು ಪಟ್ಟು ಹಿಡಿದಳು. ಹೆಸರು ಬದಲಾಯಿಸಿ ಎಂಬ ಪಂಥ ಅಲ್ಲಿಂದ ಬಂದದ್ದು.

"ನಿಮ್ಮ ಹೆಸರನ್ನು ತುಕ್ಕುಕೀಲಿ ಅಂತ ಬದಲಾಯಿಸಲು ಸಭೆ ಒಪ್ಪಿದೆ," ಎಂದು ಮೇಷ್ಟ್ರು ಬರೆದಿದ್ದರು. ಕೆಳಗೆ ಗುಬ್ಬಿ: "ಆಂಟೀ, ಜಗಳ ಬೇಡ. ಆ ದನಿ ಪೂರ್ತಿ ಎಡಗಡೆ ಮಾತ್ರ ಬರತ್ತೆ. ನಿಮ್ಮ ಇಯರ್‌ಫೋನು ಒಂದು ಕಡೆ ಕೆಟ್ಟಿರ್ಬೇಕು, ನೋಡ್ಕೊಳ್ಳಿ."

ಅಷ್ಟೇ ತಾನೇ! ಅವಳಿಗೆ ಹೋದ ಮಾನ ತಿರುಗಿ ಬಂದಂತಾಯಿತು. ಗಿರಾಕಿಗಳು ಇರಲಿಲ್ಲ. ಯಂತ್ರ ಸುಮ್ಮನಿತ್ತು. ತಂತಿ ಕಿತ್ತು, ಫೋನಿನ ಸಮೇತ ಯಂತ್ರದ ಮೇಲಿಂದ ಗಂಡನ ಮುಂದೆ ಹಿಡಿದಳು. "ಇದರ ಎಡಗಡೇದು ಕೆಟ್ಟಿದೆ ಅನ್ಸತ್ತೆ, ಸ್ವಲ್ಪ ನೋಡಿ."

ಅವನು ಕೈ ಒರೆಸಿಕೊಂಡು ತಂತಿಯನ್ನು ಎರಡೂ ಕಿವಿಗೆ ಸಿಕ್ಕಿಸಿಕೊಂಡ. ಕಣ್ಣು ಮುಚ್ಚಿದ. ಹಾಡು ಮುಗಿಯುವವರೆಗೂ ಹಾಗೆಯೇ ಕೂತಿದ್ದ. ಅವಳು ಕಟ್ಟೆಯ ಮೇಲಿನ ಪುಡಿ ಗುಡಿಸುವ ನೆಪದಲ್ಲಿ ಮುಖ ಅತ್ತ ಮಾಡಿಕೊಂಡಿದ್ದಳು. ಎಷ್ಟು ಹೊತ್ತಾದರೂ ತಂತಿ ವಾಪಸು ಬರಲಿಲ್ಲ. ಕೂತಲ್ಲಿಂದಲೇ ಓರೆಗಣ್ಣಿನಲ್ಲಿ ನೋಡಿದಳು.

ಗಂಡನ ಮೀಸೆ ಅಲುಗುತ್ತಿತ್ತು.

ಅವನು ಮಾತಾಡುತ್ತಿದ್ದ. ಕೈಯಲ್ಲಿದ್ದ ತಂತಿಯನ್ನು ನೋಡುತ್ತ, ತನ್ನಷ್ಟಕ್ಕೆ, ಸಲೀಸಾಗಿ, ಉದ್ದಕ್ಕೆ ಏನೋ ಹೇಳುತ್ತಿದ್ದ. ಹೇಳಿ ಮುಗಿಸಿ, ಉತ್ತರಕ್ಕೆ ಕಾಯುವವನಂತೆ ಕ್ಷಣ ಸುಮ್ಮನಿದ್ದು, ತಂತಿಯನ್ನೂ ಫೋನನ್ನೂ ಯಂತ್ರದ ಮೇಲಿಟ್ಟು ಬೀಗದ ಕಡೆಗೆ ಬಾಗಿದ. ಅವಳಿಗೆ ಒಂದಕ್ಷರವೂ ಕೇಳಿಸಿರಲಿಲ್ಲ.

ಅವಳು ಥಟ್ಟನೆ ತಂತಿಯನ್ನು ಎತ್ತಿಕೊಂಡು, ಎಡಗಿವಿಯದನ್ನು ಬಲಗಿವಿಗೆ ಹಾಕಿ ಹಾಡು ಹಚ್ಚಿದಳು. ದೀಪ ಆರಿಸಲಾ ಎಂಬುದು ಈಗ ಎಲ್ಲೋ ದೂರದಿಂದ ಬಂತು. ಅದರ ಬೆನ್ನಿಗೇ, ಪಕ್ಕದಲ್ಲೇ ಕೂತವನ ಹಾಗೆ, ಒಬ್ಬ ಗಂಡಸು ಹೇಳಿದ: ಆರಿಸು. ಕದ ಹಾಕಲಾ? ಹಾಕು, ನಾನು ಒಳಗೇ ಇದ್ದೀನಿ. ಅದೇ ತಂತಿಯನ್ನು ತೆಗೆದು ಎಡಗಿವಿಗೆ ಇಟ್ಟುಕೊಂಡಳು. ಗಂಡಸೂ ಇಲ್ಲ, ಹಾಡೂ ಇಲ್ಲ. ಬೆರಳಿಂದ ಒತ್ತಿ ಹಿಡಿದಳು. ಹತ್ತಿ ತುರುಕಿದ ಹಾಗಿತ್ತು.

ಫೋನಿನ ಮೇಲೆ ಗುಬ್ಬಿ ಕೇಳುತ್ತಲೇ ಇದ್ದಳು, "ಆಂಟೀ, ಸಿಕ್ಕಿದ್ನಾ?"

"ಸಿಕ್ಕಿದ. ತಂತಿ ಸರಿ ಇದೆ. ಕೆಟ್ಟಿರೋದು ನನ್ನ ಎಡಗಿವಿ," ಎಂದು ಬರೆದಳು.

ಆಮೇಲೆ ನರ್ಸಮ್ಮ ಬರೆದಳು: "ಕೀಲಿ ಕೊರೆಯೋ ಯಂತ್ರ ನಿಮಗೆ ಯಾವ ಕಡೆ ಇದೆ?"

"ಎಡಕ್ಕೆ."

"ನಾಳೆನೇ ಕಿವಿ ಡಾಕ್ಟರ ಹತ್ರ ಹೋಗಿ. ಹೆದರಬೇಡಿ. ಹೋಗದೆ ಇದ್ರೆ ಮಾತ್ರ ನಾನೇ ಹುಡುಕ್ಕೊಂಡು ಬರ್ತೀನಿ." ಸ್ವಲ್ಪ ತಡೆದು ಇನ್ನೊಂದು ಬಂತು. "ಕೀಲಿಕೈ, ನಿಮ್ಮವರು ಕೂರೋದೂ ಎಡಕ್ಕೇ ಅಲ್ವಾ?"

ಅವಳು ಫೋನು ಕೆಳಗಿಟ್ಟು ಯಂತ್ರದಾಚೆ ಬಾಗಿದ್ದ ಆ ನರೆತ ತಲೆಯನ್ನೇ ನೋಡುತ್ತ ಕೂತಳು. ಒಂದು ವರ್ಷ ಈ ಮನುಷ್ಯನನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದಳು! ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಮೇಜಿನಲ್ಲಿ, ದಾರಿಯಲ್ಲಿ ಅವನಾಡಿದ್ದರಲ್ಲಿ ಏನೆಲ್ಲ ಕಳೆದುಹೋಯಿತೋ ಎಂದು ಸಂಕಟವಾಯಿತು.

ಸಂಜೆ ಕದ ಎಳೆದು ಬೀಗ ಹಾಕಿದರು. ಅವನು ಎಂದಿನಂತೆ ಡಬ್ಬಿಯ ಚೀಲವನ್ನು ಎಡಗೈಯಲ್ಲಿ ಹಿಡಿದು ಅವಳ ಎಡಕ್ಕೆ ಬಂದು ನಿಂತ. ಅವಳು ಅವನ ಹಿಂದಿನಿಂದ ಬಳಸಿ ಆಚೆ ಬದಿಗೆ ಹೋದಳು. ಅವನು ಏನೋ ಮರೆತವನಂತೆ ತಾನೂ ಬಳಸಿ ಬಂದು ಮತ್ತೆ ಎಡಕ್ಕೇ ನಿಂತ. ಅವಳು ಮತ್ತೆ ಸುತ್ತಿದಳು. ಕಾಲುದಾರಿಯಲ್ಲಿ ಹೋಗುತ್ತಿದ್ದವರು ಈ ಮುದಿ ಜೋಡಿ ಒಬ್ಬರನ್ನೊಬ್ಬರು ಸುತ್ತುವುದನ್ನು ನಿಂತು ನೋಡಿದರು. ಕೊನೆಗೆ ಅವಳು ಅವನ ಎಡತೋಳನ್ನು ಹಿಡಿದೇ ನಿಂತಳು.

"ಪರಪುರುಷನ ಜೊತೆ ಹೋದ ಹಾಗೆ ಅನ್ಸಲ್ವಾ?" ಎಂದ ಅವನು.

ಆ ದನಿ! ಸ್ವಲ್ಪ ಒರಟಾಗಿತ್ತು, ಆದರೆ ಅದೇ. "ನೀವು ಬಾಯಿಗೆ ಬೀಗ ಹಾಕ್ಕೊಂಡಿರ್ಲಿಲ್ವಾ?" ಎಂದಳು.

"ಯಾವ ಬೀಗ?" ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. "ನೀನೇ ಕಿವಿಗೆ ತಂತಿ ಹಾಕ್ಕೊಂಡು ಕೂತಿರ್ತೀಯ. ಕೇಳೋಕೆ ಇಷ್ಟ ಇಲ್ವೇನೋ ಅಂದ್ಕೊಂಡೆ. ಆದ್ರೂ ಹೇಳ್ತಿದ್ದೆ, ಅಭ್ಯಾಸ. ಬಟ್ಟೆ ಎಲ್ಲ ಯಾಕೆ ಬೇರೆ ಇಟ್ಟಿದ್ದೀಯ ಅಂತಾನೂ ಕೇಳ್ದೆ. ಎರಡು ಸಲ."

ಅವಳ ಕಣ್ಣು ತುಂಬಿ ಬೀದಿಯ ದೀಪಗಳೆಲ್ಲ ಕಲಸಿಹೋದವು. "ನನಗೆ ಆ ಕಿವಿ ಕೇಳಿಸ್ತಿಲ್ಲ ಕಣ್ರೀ," ಎಂದಳು. "ಇವತ್ತೇ ಗೊತ್ತಾಗಿದ್ದು."

ಅವನು ಅವಳ ಎಡಗಿವಿಯನ್ನು, ಒಳಗೆ ಸಿಕ್ಕಿಕೊಂಡ ಬೀಗವನ್ನು ನೋಡುವ ಹಾಗೆ, ಬಾಗಿ ನೋಡಿದ. ಮೀಸೆ ಸವರಿಕೊಂಡ.

"ಹಾಡು ಕೇಳಿ ಅದೇನೋ ಹೇಳಿದ್ರಲ್ಲ ಮಧ್ಯಾಹ್ನ," ಎಂದಳು ಅವಳು.

"ಅದು ಬಿಡು. ಅದಕ್ಕಿಂತ ಮುಂಚಿಂದೂ ತುಂಬ ಇದೆ."

"ಮುಂಚಿಂದಲೇ ಹೇಳಿ."

"ಎಲ್ಲಿಂದ?"

"ಮೊದಲಿಂದ."

ಅವನ ಕೈಯ ಚೀಲ ಅವಳ ಮೊಣಕಾಲಿಗೆ ತಾಗುತ್ತಿತ್ತು. ಅದನ್ನು ಬಲಗೈಗೆ ಬದಲಾಯಿಸಿಕೊಂಡು, ಗಂಟಲು ಸರಿಮಾಡಿಕೊಂಡ.

"ಹಕ್ಕಿ ಪಂಜರಕ್ಕೆ ಬೀಗ ಬೇಕು ಅಂತ ಒಬ್ಬ ಬಂದಿದ್ನಲ್ಲ..." ಎಂದು ಶುರುಮಾಡಿದ.