ಅಣ್ಣನ ನೀರು, ತಂಗಿಯ ಪುಡಿ

ಊರಿಗೆಲ್ಲ ನೀರು ಕೊಡುವ ಶುದ್ಧೀಕರಣ ಘಟಕಕ್ಕೆ ಅಣ್ಣ ಮುಖ್ಯಸ್ಥ. ಮನೆಯವರೆಲ್ಲ ಚುಕ್ಕಿ ಎಂದು ಕರೆಯುವ ತಂಗಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ರಸಾಯನ ವಿಜ್ಞಾನಿ. ಅವನ ಬಾಯಲ್ಲಿ ಯಾವಾಗಲೂ ನೀರಿನ ಮಾತು, ಅವಳ ಬಾಯಲ್ಲಿ ವಿಷದ ಮಾತು. "ಊಟಕ್ಕೆ ಕೂತಾಗಲಾದರೂ ಎರಡನ್ನೂ ಹೊರಗಿಟ್ಟು ಬನ್ನಿ" ಎಂದು ಅಮ್ಮ ಗದರುತ್ತಿದ್ದಳು.

ಹುಳ ಕೊಲ್ಲುವ ಒಂದು ಔಷಧಿಯಿದೆ. ಅದು ಕುಡಿಯುವ ನೀರಿಗೆ ಸೇರಿದರೆ ಬಣ್ಣದಲ್ಲಾಗಲಿ ರುಚಿಯಲ್ಲಾಗಲಿ ಗೊತ್ತೇ ಆಗುವುದಿಲ್ಲ. ಪತ್ತೆ ಮಾಡುವ ದೊಡ್ಡ ಯಂತ್ರ ಇದ್ದದ್ದು ದೂರದ ನಗರದಲ್ಲಿ. ಘಟಕದವರು ಅಪರೂಪಕ್ಕೊಮ್ಮೆ ಅಲ್ಲಿಗೆ ನೀರು ಕಳಿಸುತ್ತಿದ್ದರು. ಯಾರು ಬೇಕಾದರೂ ನಿಂತ ಜಾಗದಲ್ಲೇ ಪರೀಕ್ಷಿಸುವಂತಾಗಬೇಕು ಎನ್ನುವುದು ಚುಕ್ಕಿಯ ಹಟ. ಅದಕ್ಕಾಗಿ ಅವಳು ಆ ವಿಷದ ಅಣುಗಳ ಸುತ್ತ ಪಾಲಿಮರ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್, ಗಟ್ಟಿಯಾಗುವಂತೆ ಮಾಡಿ, ಪುಡಿ ಮಾಡಿ, ಒಳಗಿನ ವಿಷವನ್ನು ತೊಳೆದು ತೆಗೆಯುತ್ತಿದ್ದಳು. ಪುಡಿಯಲ್ಲಿ ಆ ಅಣುವಿನ ಅಚ್ಚು ಉಳಿಯುತ್ತಿತ್ತು, ಕಣ್ಣಿಗೆ ಕಾಣದ ಸಣ್ಣ ಸಣ್ಣ ಗುಳಿಗಳು. ಆ ಗುಳಿಗಳಲ್ಲಿ ಗುಲಾಬಿ ಬಣ್ಣವನ್ನು ಸಡಿಲವಾಗಿ ಕೂರಿಸುವುದು. ನೀರಿನಲ್ಲಿ ಅದೇ ವಿಷವಿದ್ದರೆ ಅದು ಬಂದು ತನ್ನ ಗುಳಿ ಸೇರಿಕೊಂಡು ಬಣ್ಣವನ್ನು ಆಚೆ ದಬ್ಬಬೇಕು, ನೀರು ಗುಲಾಬಿಯಾಗಬೇಕು. ಬೇರೆ ಏನು ಬಂದರೂ ಗುಳಿಗೆ ಹೊಂದಬಾರದು.

ಲೆಕ್ಕಾಚಾರವೇನೋ ಸರಿಯಿತ್ತು. ಆದರೆ ಘಟಕದ ಸಭೆಯಲ್ಲಿ ಮೊದಲ ಸಲ ತೋರಿಸಿದಾಗ ಮೇಜಿನ ಮೇಲಿನ ಎಲ್ಲ ಲೋಟಗಳೂ ಗುಲಾಬಿಯಾದವು. ಅವಳೇ ತಂದಿದ್ದ ಬಟ್ಟಿ ಇಳಿಸಿದ ಶುದ್ಧ ನೀರು ಕೂಡ!

"ಚುಕ್ಕಿ, ಅಳಬೇಡ ಕಣೇ," ಅಂದ ಅಣ್ಣ. "ನಿನ್ನ ಪುಡಿ ಕಣ್ಣೀರಲ್ಲೂ ವಿಷ ಇದೆ ಅಂದುಬಿಡುತ್ತೆ."

ಸಭೆಗೆ ಸಭೆಯೇ ನಕ್ಕಿತು. ಅವಳಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಕೆಲವು ವಾರ ಮನೆಯಲ್ಲಿ ಅಣ್ಣನ ಜೊತೆ ಮಾತು ಬಿಟ್ಟಳು.

ಆದರೆ ಕೆಲಸ ಬಿಡಲಿಲ್ಲ. ತಪ್ಪು ಎಲ್ಲಿದೆ ಎಂದು ಹುಡುಕುತ್ತಾ ಹೋದಾಗ ಸಿಕ್ಕಿತು: ಅಚ್ಚಿಗೆಂದು ಹಾಕಿದ್ದ ವಿಷವೇ ಪೂರ್ತಿ ತೊಳೆದುಹೋಗಿರಲಿಲ್ಲ. ಪುಡಿಯ ಒಳಗೆ ಅಂಟಿಕೊಂಡಿದ್ದದ್ದು ಮೆಲ್ಲಗೆ ಜಿನುಗಿ ಬಂದು ಬಣ್ಣವನ್ನು ದಬ್ಬುತ್ತಿತ್ತು. ಎಷ್ಟು ತೊಳೆದರೂ ಅಷ್ಟೇ. ಕೊನೆಗೆ ಅವಳು ಆ ವಿಷವನ್ನೇ ಕೈಬಿಟ್ಟಳು. ಆಕಾರದಲ್ಲಿ ಅದನ್ನೇ ಹೋಲುವ, ಆದರೆ ಅಷ್ಟು ಬಿಗಿಯಾಗಿ ಅಂಟಿಕೊಳ್ಳದ, ನಿರುಪದ್ರವಿಯಾದ ಇನ್ನೊಂದು ಅಣುವಿನಿಂದ ಅಚ್ಚು ಮಾಡಿದಳು. ಅದು ಚೆನ್ನಾಗಿ ತೊಳೆದುಹೋಯಿತು. ಗುಳಿ ಉಳಿಯಿತು, ವಿಷಕ್ಕೆ ಅದು ಸರಿಯಾಗಿ ಒಪ್ಪಿತು.

"ಇನ್ನೊಂದು ಸಲ ನೋಡ್ತೀಯಾ, ಅಣ್ಣ?"

"ನೋಡ್ತೀನಿ. ಆದರೆ ಸೀಸೆ ತುಂಬಿಸೋದು ನಾನು. ಯಾವುದರಲ್ಲಿ ಏನಿದೆ ಅಂತ ನಿನಗೆ ಹೇಳಲ್ಲ."

ಅವನು ಬಿಡುವ ಆಸಾಮಿಯಲ್ಲ. ಒಂದರಲ್ಲಿ ಸೋಪಿನ ನೀರು, ಒಂದರಲ್ಲಿ ಕಾಲುವೆಯ ರಾಡಿ, ಒಂದರಲ್ಲಿ ಬೇರೆ ಜಾತಿಯ ಕೀಟನಾಶಕ, ಒಂದರಲ್ಲಿ ಮಾತ್ರ ನಿಜವಾದ ವಿಷದ ಚೂರು. ಚುಕ್ಕಿ ಒಂದೊಂದಕ್ಕೂ ಪುಡಿ ಹಾಕಿ ಅಲ್ಲಾಡಿಸಿದಳು. ವಿಷವಿದ್ದದ್ದು ಮಾತ್ರ ಗುಲಾಬಿಯಾಯಿತು. ಘಟಕದ ಎಂಜಿನಿಯರುಗಳು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಕೊನೆಯ ಸೀಸೆ ಉಳಿದಿತ್ತು. ಅದೂ ಗುಲಾಬಿಯಾಯಿತು.

"ಇದರಲ್ಲೂ ಇದೆ," ಅಂದಳು.

ಅಣ್ಣ ಗೊಳ್ಳೆಂದು ನಕ್ಕ. "ಅದು ನನ್ನ ಆಫೀಸಿನ ನಲ್ಲಿ ನೀರು ಕಣೇ! ದಿನಾ ಅದನ್ನೇ ಕುಡೀತೀನಿ!"

ಚುಕ್ಕಿ ಹೊಸ ಲೋಟದಲ್ಲಿ ಅದೇ ನಲ್ಲಿಯ ನೀರು ಹಿಡಿದು ಇನ್ನೊಮ್ಮೆ ಮಾಡಿದಳು. ಮತ್ತೆ ಗುಲಾಬಿ. ಪಕ್ಕದಲ್ಲೇ ಶುದ್ಧ ನೀರಿಗೆ ಅದೇ ಪುಡಿ ಹಾಕಿ ಕಾದಳು. ನೀರು ತಿಳಿಯಾಗಿಯೇ ಇತ್ತು.

"ಹೋದ ಸಲ ಇದೂ ಬಣ್ಣ ಬಿಟ್ಟಿತ್ತು. ಈಗ ನೋಡು. ಪುಡಿ ತಪ್ಪು ಹೇಳ್ತಿಲ್ಲ, ಅಣ್ಣ."

ಅವನು ಎರಡೂ ಲೋಟಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ನಗು ಹಾಗೇ ಇಳಿದುಹೋಯಿತು. ಪಂಪ್ ಹೌಸಿಗೆ ಫೋನ್ ಮಾಡಿದ. "ಎಲ್ಲಾ ಬಂದ್ ಮಾಡಿ. ಊರಿಗೆ ಟ್ಯಾಂಕರ್ ಹೋಗಲಿ. ಹೌದು, ನಾನೇ ಹೇಳ್ತಿರೋದು."

ಆಮೇಲೆ ಅಣ್ಣ ತಂಗಿ ಒಂದೇ ಜೀಪಿನಲ್ಲಿ, ಘಟಕಕ್ಕೆ ನೀರು ಬರುವ ಒಂದು ಕೊಳವೆಬಾವಿಯಿಂದ ಇನ್ನೊಂದಕ್ಕೆ ಅಲೆದರು. ಒಂದು ಬಾವಿಯ ನೀರು ಮಾತ್ರ ಪುಡಿ ಹಾಕಿದ ಕೂಡಲೇ ಬಣ್ಣ ಬಿಟ್ಟಿತು. ಅದರ ಹಿಂದಿದ್ದ ಪಾಳು ಗೋದಾಮಿನ ನೆಲ ಅಗೆಸಿದಾಗ ಅದೇ ಹುಳದ ಔಷಧಿ ತುಂಬಿದ್ದ, ತುಕ್ಕು ಹಿಡಿದು ಸೋರುತ್ತಿದ್ದ ಡ್ರಮ್ಮುಗಳು ಹೊರಬಿದ್ದವು. ನಗರದ ಯಂತ್ರವೂ ಪುಡಿ ಹೇಳಿದ್ದನ್ನೇ ಹೇಳಿತು. ವಿಷ ಇನ್ನೂ ಸ್ವಲ್ಪವೇ ಇತ್ತು, ಯಾರಿಗೂ ಅಪಾಯವಾಗಿಲ್ಲ ಎಂದರು ವೈದ್ಯರು. ಹೀಗೇ ಬಿಟ್ಟಿದ್ದರೆ ಊರೇ ಕಾಯಿಲೆ ಬಿದ್ದು ಮಲಗುತ್ತಿತ್ತು ಎಂದೂ ಸೇರಿಸಿದರು.

ಆ ಬಾವಿ ಮುಚ್ಚಿ, ಪೈಪುಗಳನ್ನೆಲ್ಲ ತೊಳೆದು ಮತ್ತೆ ನೀರು ಬಿಡುವ ದಿನ ಘಟಕದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಚುಕ್ಕಿ ನಲ್ಲಿ ತಿರುಗಿಸಿ ಲೋಟ ತುಂಬಿಸಿ ಪುಡಿ ಹಾಕಿದಳು. ನೀರು ತಿಳಿಯಾಗಿಯೇ ನಿಂತಿತು. ಯಾರೋ ಸಿಳ್ಳೆ ಹಾಕಿದರು, ಅಂಗಳಕ್ಕೆ ಅಂಗಳವೇ ಚಪ್ಪಾಳೆಯಲ್ಲಿ ಮುಳುಗಿತು.

"ಇವಳನ್ನ ನೋಡಿ ನಕ್ಕವರಲ್ಲಿ ನಾನೇ ಮೊದಲಿಗ," ಎಂದು ಅಣ್ಣ ಗಂಟಲು ಹರಿಯುವ ಹಾಗೆ ಕೂಗಿದ. "ಇವತ್ತಿಂದ ಪ್ರತಿ ಬಾವಿ ಹತ್ರಾನೂ ಇವಳ ಪುಡಿ ಇರುತ್ತೆ. ಇವಳು ನನ್ನ ತಂಗಿ ಕಣ್ರಪ್ಪಾ, ನನ್ನ ತಂಗಿ!"

ಅವನು ತಂಗಿಯ ಕೈ ಹಿಡಿದು ಮೇಲೆತ್ತಿದ. ನಲ್ಲಿಯ ಮುಂದೆ ಆಗಲೇ ಬಿಂದಿಗೆಗಳ ಸಾಲು ರಸ್ತೆ ತಿರುವಿನವರೆಗೂ ಬೆಳೆದಿತ್ತು.