ಕಡೆಹಾಲು

ಹಾಲು ಸುಳ್ಳು ಹೇಳುವುದಿಲ್ಲ, ಸುಳ್ಳು ಹೇಳುವವರು ಹಾಲು ಕರೆಯುವವರು ಎಂದು ನಾನು ಊರ ಸಭೆಯಲ್ಲಿ ಎದ್ದು ನಿಂತು ಹೇಳಿದ್ದೆ. ಆಗ ನನಗೆ ಇಪ್ಪತ್ತೇಳು. ಡೈರಿ ಶಾಲೆಯಲ್ಲಿ ಕಲಿತು ಬಂದು, ಜಟ್ಲೆಂಡಿನ ಈ ಬಯಲು ಸೀಮೆಯಲ್ಲಿ ಅರುವತ್ತೆರಡು ಮನೆಗಳ ಹಾಲನ್ನು ಬೆಣ್ಣೆ ಮಾಡಿ ಇಂಗ್ಲೆಂಡಿಗೆ ಕಳಿಸುವ ಸಹಕಾರಿ ಡೈರಿ ನಡೆಸುತ್ತಿದ್ದೆ. ನನಗೆ ಕೊಂಬು ಬಂದಿತ್ತು. ಊರವರು ನನ್ನನ್ನು ಡೈರಿ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ಗೇಲಿ. ನಾನು ಗೌರವದ ಅರ್ಧವನ್ನಷ್ಟೇ ಕೇಳಿಸಿಕೊಳ್ಳುತ್ತಿದ್ದೆ.

ಅಲ್ಲಿಯವರೆಗೆ ಡೈರಿಯಲ್ಲಿ ಹಾಲಿನ ಗುಣವನ್ನು ಯಾರೂ ಅಳೆದಿರಲಿಲ್ಲ. ತಂದವರ ಮುಖ ನೋಡಿ ಕ್ಯಾನು ಇಳಿಸಿಕೊಳ್ಳುತ್ತಿದ್ದೆವು. ನಲವತ್ತು ಹಸುವಿನ ದೊಡ್ಡ ರೈತನ ಕ್ಯಾನಿನ ಮುಚ್ಚಳ ತೆಗೆಯಲು ಯಾರಿಗೂ ಧೈರ್ಯವಿರಲಿಲ್ಲ, ಒಂದು ಹಸುವಿನ ಬಡವನ ಕ್ಯಾನಿಗೆ ಮಾತ್ರ ಎಲ್ಲರೂ ಇಣುಕುತ್ತಿದ್ದರು. ಆ ವರ್ಷ ಫೆಬ್ರವರಿಯಲ್ಲಿ ಜಿಡ್ಡು ಅಳೆಯುವ ಯಂತ್ರ ಬಂತು. ಗಾಜಿನ ಕೊಳವೆಗೆ ಹಾಲು ಹಾಕಿ, ಆಮ್ಲ ಬೆರೆಸಿ, ಹಿಡಿ ತಿರುಗಿಸಿ ಸುತ್ತಿಸಿದರೆ ಹಳದಿ ಜಿಡ್ಡು ಕೊಳವೆಯ ಕತ್ತಿಗೆ ಏರಿ ನಿಲ್ಲುತ್ತದೆ. ಪಕ್ಕದ ಗೆರೆಗಳನ್ನು ಓದಿದರಾಯಿತು. ಕೊಳವೆಗೆ ದೊಡ್ಡವನೂ ಗೊತ್ತಿಲ್ಲ, ಬಡವನೂ ಗೊತ್ತಿಲ್ಲ. ಲೋಕಕ್ಕೆ ಇದಕ್ಕಿಂತ ಒಳ್ಳೆಯ ನ್ಯಾಯಾಧೀಶ ಬಂದಿಲ್ಲ ಎಂದು ಆಗ ನಂಬಿದ್ದೆ. ಈಗಲೂ ನಂಬುತ್ತೇನೆ. ಅದೇ ನನ್ನ ರೋಗ.

ಯಂತ್ರ ತರಿಸಿದವನು ಡೈರಿ ಮಂಡಳಿಯ ಅಧ್ಯಕ್ಷ ಲೌರಿಡ್ಸ್ ಕ್ವಿಸ್ಟ್. ಹೊಸ ವಿದ್ಯೆ ಎಂದರೆ ಅವನಿಗೆ ಪ್ರಾಣ. ಉಳಿದವರಿಗೆ ಮಾದರಿಯಾಗಲಿ ಎಂದು ತನ್ನ ಕ್ಯಾನುಗಳಿಗೆ ತಾನೇ ನಿಂತು ಅರಗಿನ ಮುದ್ರೆ ಒತ್ತಿಸುತ್ತಿದ್ದ. ಅವನ ಹೆಂಡತಿ ಡೋರ್ತೆ ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟಿದ್ದಳು. ಯಂತ್ರ ಬರುವ ಹಿಂದಿನ ನವೆಂಬರಿನಲ್ಲಿ ಮೂರನೆಯ ಮಗು ವಿಗ್ಗೊ ಹುಟ್ಟಿದ. ತಾಯಿಯ ಎದೆಹಾಲು ಸಾಲಲಿಲ್ಲ. ಲೌರಿಡ್ಸ್ ರಾಜಧಾನಿಯಿಂದ ಶಿಶುಪಾಲನೆಯ ಪುಸ್ತಕ ತರಿಸಿದ. ಗಟ್ಟಿ ಹಾಲಿನಿಂದ ಮಗುವಿನ ಕರುಳು ಸುತ್ತಿಕೊಳ್ಳುತ್ತದೆ, ಕೆನೆ ತೆಗೆದ ಹಾಲನ್ನು ಕುದಿಸಿ, ಬಾರ್ಲಿ ನೀರು ಬೆರೆಸಿ, ಚಮಚದ ಲೆಕ್ಕದಲ್ಲಿ ಕೊಡಬೇಕು ಎಂದು ಅದರಲ್ಲಿತ್ತು. ಕೆನೆ ತೆಗೆದ ಹಾಲು ಡೈರಿಯಿಂದ ಪ್ರತಿ ಮನೆಗೂ ವಾಪಸು ಹೋಗುತ್ತಿತ್ತು, ಹಂದಿಗಳಿಗೆಂದು. ಅದನ್ನೇ ಮಗುವಿಗೂ ಕೊಟ್ಟರು. ಪ್ರತಿ ಶನಿವಾರ ಲೌರಿಡ್ಸ್ ಮಗುವನ್ನು ಕಂಬಳಿಯಲ್ಲಿ ಸುತ್ತಿ ತಂದು ನನ್ನ ಬೆಣ್ಣೆ ತಕ್ಕಡಿಯ ಮೇಲೆ ಮಲಗಿಸುತ್ತಿದ್ದ. ನಾನು ತೂಕ ಕೂಗುತ್ತಿದ್ದೆ, ಅವನು ಬರೆದುಕೊಳ್ಳುತ್ತಿದ್ದ. ಡಿಸೆಂಬರ್ ಪೂರ್ತಿ ಮಗು ಏಳು ಪೌಂಡಿನಿಂದ ಮೇಲೇಳಲಿಲ್ಲ. ಜನವರಿಯಲ್ಲಿ ಇದ್ದಕ್ಕಿದ್ದಂತೆ ಏರತೊಡಗಿತು. ಲೌರಿಡ್ಸ್ ಪುಸ್ತಕವನ್ನು ಡೈರಿಗೇ ತಂದು ಎಲ್ಲರಿಗೂ ತೋರಿಸಿದ.

ಮಗು ಏಕೆ ಬೆಳೆಯುತ್ತಿದೆ ಎಂಬುದು ನನಗೆ ಗೊತ್ತಿತ್ತು.

ನಮ್ಮಲ್ಲಿ ಹೆರಿಗೆಯಾದ ಮನೆಗೆ ಸುತ್ತಲಿನ ಹೆಂಗಸರು ಮುಚ್ಚಳದ ಮಣ್ಣಿನ ಗಡಿಗೆಯಲ್ಲಿ ಸಿಹಿ ಗಂಜಿ ಒಯ್ಯುತ್ತಾರೆ. ಬಾಣಂತಿ ಗಡಿಗೆ ಎಂದು ಅದಕ್ಕೆ ಹೆಸರು. ಗಡಿಗೆ ಬಾರದ ಮನೆಯೆಂದರೆ ಊರು ಕೈಬಿಟ್ಟ ಮನೆ. ಎರಡು ವಾರ ಎಲ್ಲರೂ ತರುತ್ತಾರೆ, ಆಮೇಲೆ ನಿಲ್ಲಿಸುತ್ತಾರೆ. ಸಿಸ್ಸೆಲ್ ನಿಲ್ಲಿಸಲಿಲ್ಲ. ಅರುವತ್ತು ದಾಟಿದ ವಿಧವೆ, ಕ್ವಿಸ್ಟ್ ಜಮೀನಿನ ಅಂಚಿನ ಗುಡಿಸಲಿನಲ್ಲಿ ಒಂದು ಹಸುವಿನೊಂದಿಗೆ ಇದ್ದಳು. ಆ ಹಸುವಿನ ಹುಲ್ಲೂ ಕ್ವಿಸ್ಟ್ ಹೊಲದ್ದೇ. ಹಿಂದೆ ಇಪ್ಪತ್ತು ವರ್ಷ ಅದೇ ಮನೆಯ ಕೊಟ್ಟಿಗೆಯಲ್ಲಿ ಹಾಲು ಕರೆದವಳು. ಅವಳ ಬೆರಳಿಗೆ ಬಾರದ ಹಾಲು ಯಾವ ಹಸುವಿನಲ್ಲೂ ಇಲ್ಲ ಎಂದು ಜನ ಹೇಳುತ್ತಿದ್ದರು.

ಜನವರಿಯ ಒಂದು ಬೆಳಿಗ್ಗೆ ಬಾವಿಯ ಮಂಜುಗಡ್ಡೆ ಒಡೆಯುತ್ತಿದ್ದೆ. ಅವಳು ಶಾಲಿನೊಳಗೆ ಗಡಿಗೆ ಹಿಡಿದು ಕ್ವಿಸ್ಟ್ ಮನೆಯ ಹಿತ್ತಿಲ ಬಾಗಿಲಿಗೆ ಹೊರಟಿದ್ದಳು.

"ಇನ್ನೂ ಬಾಣಂತನವೇನಜ್ಜಿ? ಮಗೂಗೆ ಎರಡು ತಿಂಗಳಾಯ್ತಲ್ಲ," ಎಂದು ಕೆಣಕಿದೆ.

"ಪುಸ್ತಕ ನೋಡ್ಕೊಂಡು ಕುಡಿಸಿದ್ರೆ ಮಗು ಬೆಳೀತದಾ ಮೇಷ್ಟ್ರೆ? ಡೋರ್ತೆ ಗಂಡಂಗೆ ಗೊತ್ತಿಲ್ಲ, ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದೀನಿ. ನೀವೂ ನೋಡ್ಲಿಲ್ಲ ಅಂದ್ಕೊಳಿ."

ಮುಚ್ಚಳ ಎತ್ತಿ ನೋಡಿದೆ. ಹಳದಿಯಾಗಿ, ದಪ್ಪಗೆ, ಬೆಚ್ಚಗಿತ್ತು. ಕಡೆಹಾಲು. ಹಸು ಮೊದಲು ಬಿಡುವುದು ತೆಳು ಹಾಲು. ಕೆಚ್ಚಲು ಬರಿದಾಗುವ ಹೊತ್ತಿಗೆ, ಬೆರಳುಗಳು ಸೋತ ಮೇಲೆ ಬರುವ ಕೊನೆಯ ಹಾಲಿನಲ್ಲಿ ಅದರ ಜಿಡ್ಡೆಲ್ಲ ಇರುತ್ತದೆ. ಇದನ್ನು ನಾನು ಶಾಲೆಯಲ್ಲಿ ಎರಡು ವರ್ಷ ಕಲಿತೆ, ಅವಳಿಗೆ ಎಂಟನೆಯ ವಯಸ್ಸಿಗೇ ಗೊತ್ತಿತ್ತು. ಹೊಸ ವರ್ಷದಿಂದ ಗಂಜಿಯ ಬದಲು ಹಾಲನ್ನೇ ಒಯ್ಯತೊಡಗಿದ್ದಳು. ಮೊದಲ ಹಾಲನ್ನು ಡೈರಿಯ ಕ್ಯಾನಿಗೆ ಕರೆದು, ಕಡೆಯದನ್ನು ಗಡಿಗೆಗೆ ಕರೆಯುತ್ತಿದ್ದಳು.

ಮನೆ ಖರ್ಚಿನದು ಬಿಟ್ಟು ಪ್ರತಿ ಹನಿಯನ್ನೂ ಡೈರಿಗೇ ಕೊಡುತ್ತೇವೆ ಎಂದು ಅರುವತ್ತೆರಡು ಮನೆಯವರೂ ಕಾಗದಕ್ಕೆ ಸಹಿ ಹಾಕಿದ್ದರು. ಸಿಸ್ಸೆಲ್ ಕೂಡ ಹಾಕಿದ್ದಳು. ಆದರೆ ಬಾಣಂತಿ ಗಡಿಗೆ ಆ ಕಾಗದದೊಳಗೆ ಬರುತ್ತದೆಂದು ಅವಳಿಗೆ ಹೊಳೆಯಲೇ ಇಲ್ಲ. ಗಡಿಗೆ ಅವಳ ಅಜ್ಜಿಯ ಕಾಲದ್ದು, ಕಾಗದ ನಿನ್ನೆಯದು. ಅಂಥ ತಪ್ಪನ್ನು ನಮ್ಮ ಜನ ಮಾತ್ರ ಮಾಡುತ್ತಾರೆ.

ಯಂತ್ರ ಬಂದ ಮೊದಲ ವಾರವೇ ಅವಳ ಹಾಲಿನ ಜಿಡ್ಡು ಶೇಕಡಾ ಎರಡು ಪಾಯಿಂಟ್ ಎರಡಕ್ಕೆ ನಿಂತಿತು. ಉಳಿದವರದು ಮೂರರ ಮೇಲೆ. ಮತ್ತೊಮ್ಮೆ ನೋಡಿದೆ, ಎರಡು ಪಾಯಿಂಟ್ ಒಂದು. ಮೂರನೆಯ ಸಲವೂ ಅಷ್ಟೇ. ಅವಳ ಮನೆಗೆ ಹೋಗಿ, ಅಜ್ಜಿ, ಗಡಿಗೆ ಸಾಕು ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಯಂತ್ರ ಬೇಡವೆಂದು ಮೂಗು ಮುರಿಯುತ್ತಿದ್ದ ರೈತರು ಕೆಲವರಿದ್ದರು, ಅದು ಒಬ್ಬ ಕಳ್ಳನನ್ನಾದರೂ ಹಿಡಿದುಕೊಡಬೇಕಿತ್ತು. ಹಿಡಿದುಕೊಟ್ಟಿತು. ಮೊದಲು ಸಿಕ್ಕಿದ ಕಳ್ಳತನವೇ ಒಬ್ಬ ಮುದುಕಿಯ ಅಂತಃಕರಣವಾಗಿಬಿಟ್ಟರೆ ಊರು ನಕ್ಕು ಯಂತ್ರವನ್ನು ಅಟ್ಟಕ್ಕೆ ಹಾಕುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದಕ್ಕಿಂತ ನಿಜವಾದ ಕಾರಣ, ನನ್ನ ಮಾತೇ ಸರಿಯೆಂದು ಊರೆಲ್ಲ ತಲೆದೂಗುವುದನ್ನು ನೋಡುವ ಆಸೆ.

ಸಭೆ ಶಾಲೆಯಲ್ಲಿ ನಡೆಯಿತು. ಡೋರ್ತೆ ಎಲ್ಲರಿಗೂ ಕಾಫಿ ಬಗ್ಗಿಸುತ್ತಿದ್ದಳು. ಸಿಸ್ಸೆಲ್ ಚರ್ಚಿಗೆ ಹೋಗುವ ಕಪ್ಪು ಉಡುಪು ತೊಟ್ಟು ಮುಂದಿನ ಬೆಂಚಿನಲ್ಲಿ ಕೂತಿದ್ದಳು. ನಾನು ಮೂರು ಅಂಕೆಗಳನ್ನು ಓದಿದೆ. ನೀರು ಬೆರೆಸಿಲ್ಲ, ಅದನ್ನೂ ಪರೀಕ್ಷಿಸಿದ್ದೇನೆ, ಕೆನೆ ತೆಗೆಯಲಾಗಿದೆ ಎಂದೆ. ಹಿಂದಿನಿಂದ ಯಾರೋ ಅಜ್ಜಿಗೆ ಈ ವಯಸ್ಸಿನಲ್ಲಿ ಗಲ್ಲ ತುಂಬಿಕೊಳ್ಳುವ ಆಸೆ ಬಂದಿದೆ ಎಂದರು. ಸಭೆ ನಕ್ಕಿತು. ಮೊನ್ನೆಯವರೆಗೆ ತಮ್ಮ ಹಸು ಕಾಯಿಲೆ ಬಿದ್ದರೆ ಅವಳನ್ನೇ ಕರೆಸುತ್ತಿದ್ದ ಜನ ಅವರು. ಒಂದು ಅಂಕೆ ಸಿಕ್ಕಿದ್ದೇ ಸಾಕಾಯಿತು.

ಲೌರಿಡ್ಸ್ ಕೂಗಾಡುವ ಮನುಷ್ಯನಲ್ಲ. ಮೆಲ್ಲಗೆ ಕೇಳಿದ. "ಕೆನೆ ಎಲ್ಲಿ ಹೋಯ್ತು ಅಂತ ಹೇಳಿಬಿಡಿ ಅಜ್ಜಿ. ಇಷ್ಟಕ್ಕೇ ಮುಗಿಸೋಣ."

ಸಿಸ್ಸೆಲ್ ಡೋರ್ತೆಯ ಕಡೆ ನೋಡಿದಳು. ಡೋರ್ತೆ ಬಗ್ಗಿಸುತ್ತಿದ್ದ ಕಾಫಿ ಬಟ್ಟಲು ತುಂಬಿ ತಟ್ಟೆಗೆ ಚೆಲ್ಲಿತು. ಅವಳು ಅದನ್ನು ಒರೆಸಲು ಬಗ್ಗಿದಳು, ಮತ್ತೆ ತಲೆ ಎತ್ತಲಿಲ್ಲ.

"ಹೋಗಬೇಕಾದ ಕಡೆಗೇ ಹೋಗಿದೆ," ಎಂದಳು ಸಿಸ್ಸೆಲ್. ಮತ್ತೆ ನಗು. ಆಮೇಲೆ ನನ್ನ ಕಡೆ ತಿರುಗಿದಳು. "ಮೇಷ್ಟ್ರೆ, ನೀವೇನಾದ್ರೂ ಹೇಳೋದಿದೆಯಾ?"

"ಕೊಳವೇಲಿ ಕಂಡದ್ದು ಹೇಳಿದೀನಿ," ಎಂದೆ.

ಅವಳು ಮುಂದಕ್ಕೆ ತಿರುಗಿ ಕೂತಳು. ಡೋರ್ತೆಗೆ ಕೊಟ್ಟ ಮಾತು ಮುರಿಯುವ ಹೆಂಗಸಲ್ಲ. ಜೊತೆಗೆ, ಇಷ್ಟು ವರ್ಷ ತನ್ನನ್ನು ನೋಡಿದ ಜನ ಒಂದು ಗಾಜಿನ ಕಡ್ಡಿಯ ಮಾತು ಕೇಳಿ ತನ್ನನ್ನು ಕಳ್ಳಿ ಎನ್ನುವುದಿಲ್ಲ ಎಂದು ಎಣಿಸಿದ್ದಳೆಂದು ಕಾಣುತ್ತದೆ. ಕೈ ಎತ್ತಿ ಮತ ಹಾಕಿದರು. ಅವಳನ್ನು ಡೈರಿಯಿಂದ ತೆಗೆದುಹಾಕಿದರು. ಎತ್ತದೆ ಉಳಿದ ಕೈ ಒಂದೂ ಇರಲಿಲ್ಲ.

ಕಳ್ಳತನಕ್ಕೆ ಹುಲ್ಲು ಹಾಕಲಾರೆ ಎಂದು ಲೌರಿಡ್ಸ್ ಹುಲ್ಲು ನಿಲ್ಲಿಸಿದ. ಹಸು ಹತ್ತೇ ದಿನದಲ್ಲಿ ಸೊರಗಿತು. ಅದನ್ನು ಅವನೇ ಒಳ್ಳೆಯ ಬೆಲೆ ಕೊಟ್ಟು ಕೊಂಡ. ಅನ್ಯಾಯದ ಮನುಷ್ಯನಲ್ಲ. ಅವನ ಕೊಟ್ಟಿಗೆಯಲ್ಲಿ ಹೊಟ್ಟೆ ತುಂಬಾ ತಿಂದು ಅದೇ ಹಸು ಮೂರು ಪಾಯಿಂಟ್ ಆರರ ಹಾಲು ಕೊಟ್ಟಿತು. ಹಸುವಿನಲ್ಲಿ ದೋಷವಿರಲಿಲ್ಲ, ಒಡತಿಯಲ್ಲಿತ್ತು ಎಂದು ಅವನು ಊರಿಗೆಲ್ಲ ತೋರಿಸಿದ. ಆ ಹಾಲು ಅವನ ಮಗನ ತೊಟ್ಟಿಲಿನಿಂದ ಐವತ್ತು ಹೆಜ್ಜೆ ದೂರದಲ್ಲಿ ಕ್ಯಾನಿಗೆ ಬಿದ್ದು, ಅರಗಿನ ಮುದ್ರೆ ಒತ್ತಿಸಿಕೊಂಡು ನನ್ನ ಡೈರಿಗೆ ಬರುತ್ತಿತ್ತು.

ಸಿಸ್ಸೆಲ್ ಪಕ್ಕದ ಊರಿನ ಬಡವರ ಮನೆ ಸೇರಿದಳು. ದಿಕ್ಕಿಲ್ಲದವರಿಗೆ ಊರುಗಳು ಸೇರಿ ಕಟ್ಟಿಸಿದ ಮನೆ ಅದು.

ಇನ್ನು ಶನಿವಾರಗಳು. ಸಭೆಯ ವಾರ ಮಗು ಹನ್ನೆರಡು ಪೌಂಡಿತ್ತು. ಆಮೇಲೆ ಹನ್ನೊಂದೂವರೆ. ಆಮೇಲೆ ಹನ್ನೊಂದು. ಲೌರಿಡ್ಸ್ ಹಲ್ಲು ಬರುವ ಕಾಲ ಎಂದ. ಹತ್ತಾದಾಗ ನನಗೆ ತಡೆಯಲಾಗಲಿಲ್ಲ. ಸ್ವಲ್ಪ ಗಟ್ಟಿ ಹಾಲು ಕೊಟ್ಟು ನೋಡಬಾರದೇ ಎಂದು ಕೇಳಿದೆ.

"ಕೊಳವೆ ನಂಬೋ ನೀನೇ ಹೀಗಂದ್ರೆ ಹೇಗಪ್ಪ? ಪುಸ್ತಕದಲ್ಲಿ ಅದು ವಿಷ ಅಂತ ಬರೆದಿದೆ. ಜನವರೀಲಿ ಇದೇ ಪುಸ್ತಕ ತಾನೇ ಅವನನ್ನ ಬೆಳೆಸಿದ್ದು?"

ಇಲ್ಲ ಎನ್ನಬೇಕಿತ್ತು. ಎಂದರೆ ಅದರ ಹಿಂದೆಯೇ ಮಿಕ್ಕದ್ದೆಲ್ಲ ಬರುತ್ತಿತ್ತು. ತಕ್ಕಡಿಯ ಕಲ್ಲು ಸರಿಸಿ, ಹತ್ತು ಎಂದು ಮತ್ತೊಮ್ಮೆ ಕೂಗಿದೆ. ಡೋರ್ತೆ ಒಂದು ದಿನ ಹಾಲು ಕರೆಯುವ ಹೆಣ್ಣಾಳಿನ ಹತ್ತಿರ ಒಂದು ಲೋಟ ಹಾಲು ಬೇಡಿದಳಂತೆ. ಆಳಿಗೆ ಸಿಸ್ಸೆಲಳ ಗತಿ ನೆನಪಿತ್ತು, ಯಜಮಾನನಿಗೆ ಹೇಳಿಬಿಟ್ಟಳು. ಅಂದಿನಿಂದ ಕೊಟ್ಟಿಗೆಯ ಬೀಗದ ಕೈ ಅವನ ಜೇಬಿನಲ್ಲಿತ್ತು.

ಏಪ್ರಿಲ್ ಮೊದಲ ವಾರ ಮಗು ತೀರಿಕೊಂಡಿತು. ಕೊನೆಯ ಶನಿವಾರದ ತೂಕ ಎಂಟೂವರೆ. ಹಾಗೆ ಬತ್ತಿದ ಮಗುವನ್ನು ಎತ್ತಿದರೆ ಕೈಗೆ ಏನೂ ಸಿಕ್ಕಿದ ಹಾಗಾಗುವುದಿಲ್ಲ. ನಾನು ಅದನ್ನು ಎತ್ತಿದ್ದೇನೆ, ನನಗೆ ಗೊತ್ತು.

ಮಣ್ಣು ಮಾಡಿ ಬಂದ ಸಂಜೆ ಡೋರ್ತೆ ಗಂಡನಿಗೆ ಎಲ್ಲವನ್ನೂ ಹೇಳಿದಳು. ಮರುದಿನ ಬೆಳಿಗ್ಗೆ ಲೌರಿಡ್ಸ್ ಡೈರಿಗೆ ಬಂದು ಬೆಣ್ಣೆ ಪೀಪಾಯಿಯ ಮೇಲೆ ಕೂತ. ಕಣ್ಣುಗಳು ಊದಿಕೊಂಡಿದ್ದವು. ಅವನನ್ನು ಕಲ್ಲು ಎಂದುಕೊಳ್ಳಬೇಡಿ, ಆ ಮಗುವಿನ ಮೇಲೆ ಅವನಿಗೆ ನನ್ನ ನಿಮ್ಮ ಹಾಗೆಯೇ ಜೀವ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಟೋಪಿಯನ್ನು ಮೊಣಕಾಲಿನ ಮೇಲೆ ತಿರುಗಿಸಿದ. ಲೆಕ್ಕ ಹಾಕುವವನ ದನಿಯಲ್ಲಿ ಮಾತಾಡಿದ. ಇದು ಹೊರಗೆ ಬಂದರೆ ಕೊಳವೆಯನ್ನು ಇನ್ನು ಯಾರೂ ನಂಬುವುದಿಲ್ಲ. ಅರುವತ್ತೆರಡು ಮನೆಯವರು ಮತ್ತೆ ಒಬ್ಬರನ್ನೊಬ್ಬರು ಅನುಮಾನಿಸುತ್ತಾರೆ. ಮಗು ಹೇಗೂ ವಾಪಸು ಬರುವುದಿಲ್ಲ.

"ಮತ್ತೆ, ಅಂಕೆ ತಪ್ಪಿರಲಿಲ್ಲ, ಅಲ್ವಾ?" ಎಂದು ಕೇಳಿದ. ಬೇಡುವವನ ಹಾಗೆ ಕೇಳಿದ.

"ತಪ್ಪಿರಲಿಲ್ಲ," ಎಂದೆ. ಅದು ನಿಜವಾಗಿತ್ತು.

ದುಃಖದಲ್ಲಿ ಹೆಂಡತಿಯ ಬುದ್ಧಿ ಸ್ವಲ್ಪ ಅತ್ತಿತ್ತ ಆಗಿದೆ, ಅವಳ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಲೌರಿಡ್ಸ್ ಪಾದ್ರಿಗೂ ನೆರೆಯವರಿಗೂ ಹೇಳಿಟ್ಟ. ಡೋರ್ತೆ ಮಾತಾಡಲೇ ಇಲ್ಲ. ಆ ವರ್ಷದ ನಮ್ಮ ಬೆಣ್ಣೆಗೆ ಪ್ರದರ್ಶನದಲ್ಲಿ ಬೆಳ್ಳಿ ಪದಕ ಬಂತು.

ಸೆಪ್ಟೆಂಬರಿನಲ್ಲಿ ಬಡವರ ಮನೆಯವರು ಎರಡು ಹಸು ಕೊಂಡು ನಮ್ಮ ಡೈರಿಗೆ ಹಾಲು ಹಾಕಲು ಮುಂದೆ ಬಂದರು. ಕೊಟ್ಟಿಗೆ ನೋಡಲು ನಾನೇ ಹೋದೆ. ಸಿಸ್ಸೆಲ್ ಅಂಗಳದಲ್ಲಿ ಆಲೂಗೆಡ್ಡೆ ಸುಲಿಯುತ್ತಿದ್ದಳು. ಬಡವರ ಮನೆಯ ಬೂದು ನಿಲುವಂಗಿ ಅವಳಿಗೆ ದೊಗಳೆಯಾಗಿತ್ತು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ. ಅವಳು ಮಗುವಿನ ಮಾತೂ ಎತ್ತಲಿಲ್ಲ, ಸಭೆಯ ಮಾತೂ ಎತ್ತಲಿಲ್ಲ. ಚಾಕು ಕೆಳಗಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ಆ ಎರಡು ಹಸು ಕರೆಯೋಕೆ ನನ್ನ ಬಿಡಲಿ ಅಂತ ಇಲ್ಲಿ ಯಜಮಾನಮ್ಮಂಗೆ ಒಂದ್ಮಾತು ಹೇಳ್ತೀರಾ? ನೀವು ಹೇಳಿದ್ರೆ ಕೇಳ್ತಾರೆ. ಸುಮ್ನೆ ಕೂತು ಕೈ ಮರಗಟ್ಟಿ ಹೋಗಿದೆ. ಇನ್ನೇನೂ ಬೇಡ ನಂಗೆ."

ಬೇಡಿದ್ದು ಅಷ್ಟೇ. ಹೇಳುತ್ತೇನೆ ಎಂದೆ. ಹೇಳಬೇಕೆಂದೇ ಒಳಗೆ ಹೋದೆ.

ಯಜಮಾನಿ ತಾನಾಗಿಯೇ ಕೇಳಿದಳು. ಇಲ್ಲಿನ ಹುಡುಗಿಯರಿಗೆ ಹಾಲು ಕರೆಯಲು ಬಾರದು, ಆ ಮುದುಕಿ ಪಳಗಿದವಳಂತೆ, ಆದರೆ ಕಳ್ಳಿ ಎಂದು ಅವಳ ಹೆಸರು ಡೈರಿಯ ದಾಖಲೆ ಪುಸ್ತಕದಲ್ಲಿದೆಯಂತಲ್ಲ, ಬಿಡಬಹುದೇ ಎಂದು. ಬಿಡಿ ಎಂದರೆ ಏಕೆ ಎಂದು ಕೇಳುತ್ತಾಳೆ. ಅವಳು ಕಳ್ಳಿಯಲ್ಲ ಎಂದರೆ ಹಾಗಾದರೆ ಪುಸ್ತಕದಲ್ಲಿರುವುದು ಸುಳ್ಳೇ ಎಂದು ಕೇಳುತ್ತಾಳೆ. ಬಾಗಿಲು ತೆರೆದಿತ್ತು. ಅಂಗಳದಲ್ಲಿ ಸಿಸ್ಸೆಲ್ ಕೆಲಸ ನಿಲ್ಲಿಸಿ ಈ ಕಡೆಗೇ ನೋಡುತ್ತಿದ್ದಳು.

"ಬೇಡ," ಎಂದೆ. "ಅವಳನ್ನ ಹಾಲಿನ ಹತ್ತಿರ ಬಿಡಬೇಡಿ."

ಹೊರಗೆ ಬಂದಾಗ ಅವಳು ಮತ್ತೆ ಆಲೂಗೆಡ್ಡೆ ಸುಲಿಯುತ್ತಿದ್ದಳು. ಎದುರಿಗೆ ಹಾದುಹೋಗದೆ ಗಾಡಿ ಹತ್ತಲು ದಾರಿಯಿರಲಿಲ್ಲ. ಹತ್ತಿರ ಬಂದೊಡನೆ ತಲೆ ಎತ್ತದೆಯೇ ಮಾತಾಡಿದಳು.

"ಆ ಹುಡುಗೀರಿಗೆ ಒಂದು ಹೇಳಿ. ಅರ್ಧಕ್ಕೇ ಎದ್ದುಬಿಡ್ತಾರೆ ಅವರು, ನಾನು ನೋಡಿದೀನಿ. ಪೂರ್ತಿ ಕರೀಬೇಕು. ಕಡೇದು ಒಳಗೇ ಉಳಿದ್ರೆ ಕೆಚ್ಚಲು ಬಾತ್ಕೊಂಡು ಹಸು ನೋವು ತಿನ್ನುತ್ತೆ."

ಕೊಟ್ಟಿಗೆಯ ಕಡೆ ಹಿಂದಿರುಗಿ ಹೋದೆ. ಆ ಮಾತನ್ನು ನನ್ನದೇ ಎಂಬಂತೆ ಹುಡುಗಿಯರಿಗೆ ಹೇಳಿದೆ. ಅವರು ತಲೆ ಆಡಿಸಿ, ಶಾಲೆಯಲ್ಲಿ ಕಲಿತವರೆಂದರೆ ಹೀಗಿರಬೇಕು ಎಂದರು.