ಡಾಕ್ಟರ ಮನೆಯ ಪರದೆ

ಹಲ್ಲಿನ ಡಾಕ್ಟರ ಮನೆಯ ಹಸಿರು ಪರದೆಯನ್ನು ಇಸ್ತ್ರಿಯವಳು ತನ್ನ ಬಾಗಿಲಿಗೆ ಕಟ್ಟುತ್ತಿದ್ದಾಗ, ಮಂಚದ ಮೇಲಿದ್ದ ಅತ್ತೆ ಕೇಳಿದಳು: "ಯಾರದ್ದೇ ಮದುವೆ?"

"ಸುಮ್ನಿರಿ ಅತ್ತೆ. ಸ್ಕಾಲರ್‌ಶಿಪ್ ಆಫೀಸಿನವರು ಮೂರು ಗಂಟೆಗೆ ಬರ್ತಾರೆ."

"ಬಡವ್ರು ಹೌದೋ ಅಲ್ವೋ ಅಂತ ನೋಡೋಕೆ ಬರೋನಿಗೆ ಪರದೆ ಯಾಕೆ? ನನ್ನ ಕೆಮ್ಮು ಕೇಳ್ಸಿದ್ರೆ ಸಾಕಲ್ವಾ?"

"ಮನೆಗೆ ಬಂದೋರ ಮುಂದೆ ಹರಕು ಹಾಸ್ಲಾ? ಇಂಥಾ ಮನೆ ಹುಡುಗೀನ ಓದ್ಸಿದ್ದು ದಂಡ ಅಂದ್ಕೊಂಡು ಹೋಗ್ಲಿ ಅಂತೀರಾ?"

ಮಗಳು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಳು. ಹೋದ ವರ್ಷದ ಫೀಸನ್ನು ಸ್ಕಾಲರ್‌ಶಿಪ್ಪೇ ಕಟ್ಟಿತ್ತು. ಈ ವರ್ಷವೂ ಕಟ್ಟಬೇಕಾದರೆ ಅಧಿಕಾರಿಯೊಬ್ಬ ಮನೆ ನೋಡಿ ಹೋಗಬೇಕೆಂದು ಹೊಸ ನಿಯಮ ಬಂದಿತ್ತು.

ಹತ್ತೊಂಬತ್ತು ವರ್ಷಗಳಲ್ಲಿ ಇಸ್ತ್ರಿಯವಳು ಗಿರಾಕಿಗಳ ಕರ್ಚೀಫಿನಿಂದ ಬೆವರು ಕೂಡ ಒರೆಸಿಕೊಂಡವಳಲ್ಲ. ಈಗ ಅವಳು ನಿಲ್ಲುವ ಬೀದಿಮೂಲೆಯಲ್ಲಿ ಮೊದಲಿದ್ದ ಇಸ್ತ್ರಿಯವನು ಗಿರಾಕಿಯ ಕೋಟು ತೊಟ್ಟು ಮದುವೆಗೆ ಹೋಗಿ, ಅಲ್ಲಿ ಆ ಕೋಟಿನ ಯಜಮಾನನಿಗೇ ನಮಸ್ಕಾರ ಹೊಡೆದಿದ್ದ. ಮಾರನೆಯ ದಿನದಿಂದ ಅವನ ಮೇಜಿಗೆ ಒಂದು ಬನಿಯನ್ನೂ ಬರಲಿಲ್ಲ. ಈಕೆಗೆ ಆ ಮೇಜು ಅಗ್ಗಕ್ಕೆ ಸಿಕ್ಕಿದ್ದು ಹಾಗೆ. ಒಂದು ಗಂಟೆಯ ಮಟ್ಟಿಗೆ ಅಷ್ಟೆ, ಎಂದು ಇಂದು ಇಸ್ತ್ರಿಪೆಟ್ಟಿಗೆಗೆ ಕೇಳುವಂತೆ ಹೇಳಿಕೊಂಡು ಡಾಕ್ಟರ ಮನೆಯ ಗಂಟು ಬಿಚ್ಚಿದ್ದಳು.

ಮಗಳು ಓಡೋಡಿ ಬಂದಾಗ ಮೂರಕ್ಕೆ ಐದು ನಿಮಿಷವಿತ್ತು. ಅತ್ತೆಯನ್ನು ಮೂಲೆಗೆ ಕೂರಿಸಿ ಮಂಚಕ್ಕೆ ಡಾಕ್ಟರ ಮನೆಯ ಹೊದಿಕೆ ಹಾಸುತ್ತಿದ್ದ ತಾಯಿ ಅವಳ ಕೈಗೆ ನೀಲಿ ರೇಷ್ಮೆ ಅಂಗಿ ತುರುಕಿದಳು.

"ಅಮ್ಮಾ, ಇದು ಡಾಕ್ಟ್ರಮ್ಮಂದಲ್ವಾ?"

"ಹಾಕ್ಕೋ ಬೇಗ. ಆ ಮನುಷ್ಯ ತಿರುವಿಗೆ ಬಂದಾಯ್ತು."

ಬೇಡವೆನ್ನಬಹುದಿತ್ತು. ಹುಡುಗಿ ಅಂಗೈಯಗಲದ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡಳು. ಆಮೇಲೆ ಮೇಲಿನ ಗುಂಡಿಯನ್ನೂ ಹಾಕಿಕೊಂಡಳು.

ಅಧಿಕಾರಿ ಸಭ್ಯಸ್ಥ. ಚಪ್ಪಲಿ ಹೊರಗೆ ಬಿಟ್ಟ, ಪರದೆಯನ್ನು ಎರಡು ಬೆರಳಲ್ಲಿ ಸರಿಸಿದ, ಮಂಚಕ್ಕೆ ಹಾಸಿದ್ದ ಕಸೂತಿಯ ಹೊದಿಕೆ ಸುಕ್ಕಾಗದಂತೆ ತುದಿಯಲ್ಲಿ ಕೂತ. "ಮನೆ ಚೆನ್ನಾಗಿಟ್ಕೊಂಡಿದೀರಮ್ಮ," ಎಂದ. ಇಸ್ತ್ರಿಯವಳ ಮುಖ ಊರಗಲವಾಯಿತು.

"ಇದೆಲ್ಲ ನಿಮ್ದೇನಾ?"

ಪರದೆಯಾಚೆ ಪಕ್ಕದ ಮನೆಯವರಿಬ್ಬರು ಕತ್ತು ಚಾಚಿದ್ದರು. ಇಸ್ತ್ರಿಯವಳು ಅವರನ್ನು ನೋಡಿದಳು, ಅಧಿಕಾರಿಯನ್ನು ನೋಡಿದಳು. "ನಮ್ದೇ ಸ್ವಾಮಿ," ಎಂದಳು. ಹುಡುಗಿ ನೆಲ ನೋಡಿದಳು. ಅತ್ತೆ ಕೆಮ್ಮಿದಳು. ಅದು ಬೇಕೆಂದೇ ಕೆಮ್ಮಿದ ಕೆಮ್ಮಾದ್ದರಿಂದ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೂರು ವಾರದ ಮೇಲೆ ಕಾಗದ ಬಂತು. ಮಗಳು ನಿಂತಲ್ಲೇ ಓದಿದಳು.

"ಏನಂತೆ?"

"ಕುಟುಂಬದ ಸ್ಥಿತಿ ತೃಪ್ತಿಕರವಾಗಿದೆ ಅಂತೆ."

"ತೃಪ್ತಿಕರ ಅಂದ್ರೆ ಒಳ್ಳೇದಲ್ವೇನೇ?"

"ಒಳ್ಳೇದೇ ಅಮ್ಮ. ಅದಕ್ಕೇ ಇಲ್ಲ ಅಂದಿದಾರೆ."

ಹದಿನೈದು ದಿನದೊಳಗೆ ಮೇಲ್ಮನವಿ ಕೊಡಬಹುದಿತ್ತು. ವರದಿ ಹೇಗೆ ತಪ್ಪು ಎಂದು ಬರೆದು, ಕುಟುಂಬವನ್ನು ಬಲ್ಲ ಗಣ್ಯರೊಬ್ಬರ ಸಹಿ, ಮೊಹರು ಹಾಕಿಸಬೇಕು. ಮಗಳು ಮುದ್ದಾದ ಅಕ್ಷರದಲ್ಲಿ ಬರೆದಳು: ಆ ದಿನ ಕಂಡ ಪರದೆ, ಹೊದಿಕೆ, ನಾನು ತೊಟ್ಟಿದ್ದ ರೇಷ್ಮೆ ಅಂಗಿ ಇಸ್ತ್ರಿಗೆ ಬಂದವು, ನಮ್ಮವಲ್ಲ.

ಸಹಿಗೆ ಯಾರ ಹತ್ತಿರ ಹೋಗುವುದೆಂದು ಮೂವರೂ ಲೆಕ್ಕ ಹಾಕಿದರು. ಅವರನ್ನು ಬಲ್ಲವರಲ್ಲಿ ಮೊಹರು ಇದ್ದದ್ದು ಹಲ್ಲಿನ ಡಾಕ್ಟರಿಗೆ ಮಾತ್ರ.

"ನಾನೇ ಹೋಗಿ ಹೇಳ್ತೀನಿ," ಎಂದಳು ಮಗಳು.

"ಬೇಡ. ಕಟ್ಟಿದೋಳು ನಾನು, ಬಿಚ್ಚೋಳೂ ನಾನೇ." ಇಸ್ತ್ರಿಯವಳು ಡಾಕ್ಟರ ಮನೆಯ ಬಟ್ಟೆಗಂಟನ್ನು ತಲೆಗೇರಿಸಿ, ಕಾಗದವನ್ನು ಸೆರಗಿನ ಮಡಿಕೆಯಲ್ಲಿಟ್ಟು ಹೊರಟಳು.

ಬಾಗಿಲು ತೆಗೆದದ್ದು ಡಾಕ್ಟರ ಹೆಂಡತಿ. ಬಟ್ಟೆ ಎಣಿಸಲಿಲ್ಲ.

"ಅಮ್ಮೋರೇ, ಡಾಕ್ಟ್ರ ಹತ್ರ ಒಂದು ಮಾತು..."

"ಹೇಳ್ತೀನಿರು, ಮೊದ್ಲು ನನ್ನ ಮಾತು ಕೇಳು. ನನ್ನ ತಂಗಿ ಮನೆ ಬಟ್ಟೇನೂ ಇನ್ಮೇಲೆ ನಿನಗೇ. ಅವಳಿಗೆ ಹೇಳಿದೀನಿ, ಇವಳ ಕೈಗೆ ಕೊಟ್ರೆ ಕಣ್ಮುಚ್ಚಿ ಕೂತ್ಕೋಬಹುದು, ಆ ಕೋಟಿನವನ ಥರ ಅಲ್ಲ ಅಂತ." ನಕ್ಕಳು. "ಏನೋ ಅಂದ್ಯಲ್ಲ?"

"ಏನಿಲ್ಲ ಅಮ್ಮೋರೇ. ರೇಷ್ಮೇಗೆ ಶಾಖ ಕಮ್ಮಿ ಕೊಟ್ಟಿದೀನಿ."

ಮನೆಗೆ ಬಂದು ಕಾಗದವನ್ನು ಗೂಡಿನಲ್ಲಿಟ್ಟಳು. "ಡಾಕ್ಟ್ರು ಊರಲ್ಲಿಲ್ವಂತೆ," ಎಂದಳು.

ಹಲ್ಲು ಕೊರೆಯುವ ಯಂತ್ರದ ಕುಯ್ಯೆನ್ನುವ ಸದ್ದು ಬೀದಿಯ ಈ ತುದಿಗೂ ಕೇಳುತ್ತಿತ್ತು. ಮಗಳು ಕೇಳಿಸಿಕೊಂಡಳು.

"ಯಾವಾಗ ಬರ್ತಾರಂತೆ?"

"ಗೊತ್ತಿಲ್ಲ."

"ಹೋಗ್ಲಿ ಬಿಡಮ್ಮ," ಎಂದು ಮಗಳು ತಾಯಿಗೆ ಕುಡಿಯಲು ನೀರು ಕೊಟ್ಟಳು. ಯಂತ್ರ ನಿಂತಿತು, ಮತ್ತೆ ಶುರುವಾಯಿತು.

ಫೀಸಿನ ಕೊನೆಯ ದಿನ ಕಳೆದ ಮೇಲೂ ಹುಡುಗಿ ನಾಲ್ಕು ದಿನ ಕಾಲೇಜಿಗೆ ಹೋದಳು. ಐದನೆಯ ದಿನ ಹಾಜರಿ ಕೂಗುವಾಗ ಅವಳ ಸಂಖ್ಯೆಯನ್ನು ಹಾರಿಸಿ ಮುಂದಿನದನ್ನು ಕೂಗಿದರು. ಪಾಠ ಮುಗಿಯುವವರೆಗೂ ಕೂತಿದ್ದು ಎದ್ದು ಬಂದಳು.

ಡಾಕ್ಟರಮ್ಮನ ತಂಗಿಯ ಮನೆಯ ಬಟ್ಟೆಯೂ ಸೇರಿ ಈಗ ಕೆಲಸ ಎರಡು ಕೈಗೆ ಮೀರಿತ್ತು. ಹಳೆಯ ಮೇಜಿನ ಪಕ್ಕ ಇನ್ನೊಂದು ಹಲಗೆ ಬಂತು. ನೀರು ಚಿಮುಕಿಸುವುದನ್ನು ಮಗಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಎರಡನೆಯ ವಾರ ಡಾಕ್ಟರ ಮನೆಯ ಗಂಟಿನಲ್ಲಿ ನೀಲಿ ರೇಷ್ಮೆ ಅಂಗಿ ಬಂತು. ತಾಯಿ ಅದನ್ನು ತನ್ನತ್ತ ಎಳೆದುಕೊಳ್ಳಲು ಹೋದಳು. ಅಷ್ಟರಲ್ಲಿ ಮಗಳು ಅದನ್ನು ಒಳಮಗ್ಗುಲಾಗಿ ತಿರುವಿ ಹಲಗೆಗೆ ಹಾಸಿಯಾಗಿತ್ತು. ತೆಳುಬಟ್ಟೆ ಹೊದಿಸಿ, ಕೆಂಡದ ಶಾಖ ಇಳಿಯುವವರೆಗೆ ಕಾದು, ತೋಳು, ಬೆನ್ನು, ಕತ್ತುಪಟ್ಟಿ ತೀಡಿದಳು. ಆಮೇಲೆ ಹೊರಮಗ್ಗುಲಿಗೆ ತಿರುವಿ, ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಬಂದು, ಮೇಲಿನದನ್ನೂ ಹಾಕಿ, ಮಡಿಸಿ, ಗಂಟಿನೊಳಗಿಟ್ಟಳು.

"ಮುಂದಿನದು ಕೊಡಮ್ಮ," ಎಂದಳು.